ಇಂಗ್ಲಿಷ್‌ನ ‘ಗೆಟ್’ ಪದ: ಕನ್ನಡದ ದಾರಿಯಲ್ಲೇ ಕಲಿಯುವುದು ಹೇಗೆ?

ಇಂಗ್ಲಿಷ್‌ನಲ್ಲಿ ಕೆಲಸ ಸಿಕ್ಕಿದರೂ ‘ಗೆಟ್’, ಮನೆ ತಲುಪಿದರೂ ‘ಗೆಟ್’. ಸಿಟ್ಟು ಬಂದರೂ ಅದೇ, ಜೋಕ್ ಅರ್ಥವಾದರೂ ಅದೇ, ಮದುವೆಯಾದರೂ ಅದೇ. ಯಾವ ದೊಡ್ಡ ನಿಘಂಟು ತೆಗೆದರೂ ಈ ಒಂದು ಪುಟ್ಟ ಪದಕ್ಕೆ ಉದ್ದಾನುದ್ದ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಲು ಹೊರಟರೆ ನಾಲ್ಕು ದಿನದಲ್ಲಿ ಸಾಕಪ್ಪ ಅನ್ನಿಸುತ್ತದೆ.

ಬಾಯಿಪಾಠ ಬೇಕಾಗಿಯೇ ಇಲ್ಲ ಅನ್ನುವುದು ನನ್ನ ನಂಬಿಕೆ. ಕನ್ನಡ ಬಲ್ಲವರಿಗೆ ಈ ಪದಕ್ಕೆ ಒಂದು ಒಳದಾರಿ ಇದೆ. ಸಿಗು, ಆಗು, ತಲುಪು, ಮಾಡಿಸು. ನಾವು ದಿನಾ ಆಡುವ ಈ ನಾಲ್ಕು ಮಾತುಗಳನ್ನು ಹಿಡಿದುಕೊಂಡು ಹೋದರೆ ‘ಗೆಟ್’ನ ಬಹುಪಾಲು ಬಳಕೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಜೋರಾಗಿ ಓದಿಕೊಂಡು ಹೋಗಿ.

ಮೊದಲು, ಇದು ಬಂದದ್ದು ಎಲ್ಲಿಂದ?

‘ಗೆಟ್’ ಮೂಲದಲ್ಲಿ ಇಂಗ್ಲಿಷರ ಪದವಲ್ಲ. ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದ ವೈಕಿಂಗ್‌ಗಳ ಪದ. ಅವರು 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಎಂಬ ದ್ವೀಪದ ಮಠದ ಮೇಲೆ ದಾಳಿ ಮಾಡಿದರು. ಮೊದಮೊದಲು ಲೂಟಿ ಮಾಡಿ ಹೋಗುತ್ತಿದ್ದವರು ಮುಂದಿನ ಶತಮಾನದಲ್ಲಿ ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ಹೊಲ ಮಾಡಿಕೊಂಡು ನೆಲೆ ನಿಂತರು. ಪಕ್ಕದ ಮನೆಯ ಇಂಗ್ಲಿಷರ ಜೊತೆ ವ್ಯಾಪಾರ, ಮದುವೆ ಎಲ್ಲ ನಡೆಯಿತು. ಹೀಗೆ ಬೆರೆತಾಗ ಬರುವುದು ದೊಡ್ಡ ದೊಡ್ಡ ಪಂಡಿತರ ಪದಗಳಲ್ಲ, ಅಡುಗೆಮನೆಯ, ಅಂಗಳದ ಪದಗಳು. ಎಗ್, ನೈಫ್, ವಿಂಡೋ, ಸ್ಕೈ, ಟೇಕ್, ಕೊನೆಗೆ ‘ದೇ’ ಅನ್ನುವ ಸರ್ವನಾಮ ಕೂಡ ಆ ಜನರಿಂದಲೇ ಬಂದದ್ದು. ಅವರ ಹಳೆಯ ನಾರ್ಸ್ ಭಾಷೆಯ ‘ಗೆಟಾ’ ಸುಮಾರು 1200ರ ಹೊತ್ತಿಗೆ ಇಂಗ್ಲಿಷ್ ಬರಹಗಳಲ್ಲಿ ‘ಗೆಟ್’ ಆಗಿ ಕಾಣಿಸಿಕೊಂಡಿತು. ಪಡೆಯುವುದು, ತಲುಪುವುದು ಎರಡೂ ಅರ್ಥ ಅದರಲ್ಲಿದ್ದವು. ಇವತ್ತಿನ ಐಸ್ಲೆಂಡಿನ ಭಾಷೆಯಲ್ಲಿ ಈಗಲೂ ‘ಗೆಟಾ’ ಇದೆ. ಅಲ್ಲಿ ಅದರ ಮುಖ್ಯ ಅರ್ಥ ‘ಸಾಧ್ಯವಾಗು, ಕೈಲಾಗು’ ಎಂದು.

ಇಂಗ್ಲಿಷ್‌ಗೆ ಇದೇ ಬೇರಿನ ಸ್ವಂತ ಪದವೂ ಇತ್ತು. ಆದರೆ ಅದು ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ಇನ್ನೊಂದಕ್ಕೆ ಅಂಟಿಕೊಂಡೇ ಇರುತ್ತಿತ್ತು. ‘ಫರ್ಗೆಟ್’ ಅಂಥದ್ದು: ಮುಂದಿನ ‘ಫರ್’ ಅಂದರೆ ಕಳೆದುಹೋಗುವ ಭಾವ. ಹಿಡಿದದ್ದು ಕೈತಪ್ಪಿತು, ಮರೆತುಹೋಯಿತು. ಆ ಸ್ವಂತ ಪದದಲ್ಲಿ ಗಕಾರದ ಉಚ್ಚಾರ ‘ಯ’ ಎಂದಿತ್ತು. ಅದಕ್ಕೇ 14ನೇ ಶತಮಾನದ ಬರಹಗಳಲ್ಲಿ ‘ಫರ್ಗೆಟ್’ ಪದ ‘ಫೊರ್‌ಯೆಟೆ’ ಎಂಬ ರೂಪದಲ್ಲೂ ಸಿಗುತ್ತದೆ. ಈಗ ನಾವು ಹೇಳುವ ಗಟ್ಟಿ ‘ಗ’ ವೈಕಿಂಗ್‌ಗಳ ಬಾಯಿಯದು.

ಇನ್ನೂ ಹಿಂದಕ್ಕೆ ಹೋದರೆ ಈ ಬೇರಿನ ಅರ್ಥ ‘ಹಿಡಿ, ಕೈಗೆ ತೆಗೆದುಕೊ’. ಲ್ಯಾಟಿನ್ ಮೂಲಕ ಬಂದ ‘ಕಾಂಪ್ರಿಹೆಂಡ್’ ಕೂಡ ಇದರ ದೂರದ ನೆಂಟ. ಮನಸ್ಸಿನಲ್ಲಿ ಹಿಡಿದದ್ದೇ ಅರ್ಥವಾಗುವುದು. ನಮ್ಮ ‘ಗ್ರಹಿಸು’ ಪದದಲ್ಲೂ ಇರುವುದು ಹಿಡಿಯುವ ಮಾತೇ ತಾನೆ? ಈ ಹಿಡಿಯುವ ಅರ್ಥ ನೆನಪಿರಲಿ. ಮುಂದೆ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ‘ಸಿಗು’ ಇದ್ದಲ್ಲಿ

ಇದು ಎಲ್ಲಕ್ಕಿಂತ ಸುಲಭ. ನನಗೆ ಕೆಲಸ ಸಿಕ್ಕಿತು: ‘ಐ ಗಾಟ್ ಎ ಜಾಬ್’. ಅವಳಿಗೆ ಸೀಟು ಸಿಗಲಿಲ್ಲ: ‘ಶಿ ಡಿಡಂಟ್ ಗೆಟ್ ಎ ಸೀಟ್’. ನಿಮಗೆ ನನ್ನ ಮೆಸೇಜ್ ಬಂತಾ: ‘ಡಿಡ್ ಯು ಗೆಟ್ ಮೈ ಮೆಸೇಜ್?’

ಒಂದೇ ಒಂದು ಬದಲಾವಣೆ ಗಮನಿಸಿ. ಕನ್ನಡದಲ್ಲಿ ವಸ್ತು ನಮ್ಮ ಹತ್ತಿರ ಬರುತ್ತದೆ, ಅದಕ್ಕೇ ‘ನನಗೆ’. ಇಂಗ್ಲಿಷ್‌ನಲ್ಲಿ ಮನುಷ್ಯನೇ ಹಿಡಿಯುತ್ತಾನೆ, ಅದಕ್ಕೇ ‘ಐ’. ‘ನನಗೆ, ಅವಳಿಗೆ’ ಕಂಡ ಕೂಡಲೇ ‘ಟು ಮಿ’ ಅನ್ನಬೇಡಿ. ಆ ವ್ಯಕ್ತಿಯನ್ನೇ ವಾಕ್ಯದ ತಲೆಗೆ ತನ್ನಿ.

ತರುವುದು, ಕೊಳ್ಳುವುದು ಕೂಡ ಇದೇ ಗುಂಪು. ಸ್ವಲ್ಪ ನೀರು ತಂದುಕೊಡ್ತೀಯಾ: ‘ಕ್ಯಾನ್ ಯು ಗೆಟ್ ಮಿ ಸಮ್ ವಾಟರ್?’ ಈ ಸೀರೆ ಎಲ್ಲಿ ತಗೊಂಡ್ರಿ: ‘ವೇರ್ ಡಿಡ್ ಯು ಗೆಟ್ ದಿಸ್ ಸಾರಿ?’

ಹೆಜ್ಜೆ 2: ‘ಆಗು’ ಇದ್ದಲ್ಲಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಕನ್ನಡಿಗರು ಜಾಸ್ತಿ ಎಡವುವುದು ಇಲ್ಲೇ.

ಎರಡು ವಾಕ್ಯ ನೋಡಿ. ‘ಹೊರಗೆ ಕತ್ತಲೆ ಇದೆ.’ ‘ಹೊರಗೆ ಕತ್ತಲೆ ಆಗ್ತಿದೆ.’ ಮೊದಲನೆಯದು ಇರುವ ಸ್ಥಿತಿ, ಎರಡನೆಯದು ಬದಲಾಗುತ್ತಿರುವ ಸ್ಥಿತಿ. ಇಂಗ್ಲಿಷ್‌ನಲ್ಲಿ ಮೊದಲನೆಯದಕ್ಕೆ ‘ಇಟ್ ಈಸ್ ಡಾರ್ಕ್’, ಎರಡನೆಯದಕ್ಕೆ ‘ಇಟ್ ಈಸ್ ಗೆಟಿಂಗ್ ಡಾರ್ಕ್’. ಅಷ್ಟೇ ನಿಯಮ. ‘ಇದೆ’ಗೆ ‘ಈಸ್’, ‘ಆಗ್ತಿದೆ’ಗೆ ‘ಗೆಟಿಂಗ್’. ಕಾಫಿ ತಣ್ಣಗಾಗ್ತಿದೆ: ‘ಯುವರ್ ಕಾಫಿ ಈಸ್ ಗೆಟಿಂಗ್ ಕೋಲ್ಡ್’. ಲೇಟಾಗ್ತಿದೆ: ‘ಇಟ್ಸ್ ಗೆಟಿಂಗ್ ಲೇಟ್’. ಅಜ್ಜಿಗೆ ವಯಸ್ಸಾಗ್ತಿದೆ: ‘ಗ್ರ್ಯಾಂಡ್‌ಮದರ್ ಈಸ್ ಗೆಟಿಂಗ್ ಓಲ್ಡ್’.

ಕಷ್ಟ ಶುರುವಾಗುವುದು ಮನಸ್ಸಿನ, ಮೈಯ ಮಾತು ಬಂದಾಗ. ನಾವು ‘ಕೋಪ ಬರ್ತಿದೆ, ನಿದ್ದೆ ಬರ್ತಿದೆ, ಬೇಜಾರಾಗ್ತಿದೆ’ ಅನ್ನುತ್ತೇವೆ. ಕೋಪ, ನಿದ್ದೆ, ಬೇಜಾರು ಎಲ್ಲ ನಾಮಪದ. ಇದನ್ನು ಹಾಗೇ ಎತ್ತಿ ಇಂಗ್ಲಿಷ್‌ಗೆ ಹಾಕಿದರೆ ‘ಐ ಆಮ್ ಗೆಟಿಂಗ್ ಆಂಗರ್’, ‘ಐ ಆಮ್ ಗೆಟಿಂಗ್ ಸ್ಲೀಪ್’ ಆಗುತ್ತದೆ. ಬೆಂಗಳೂರಿನ ಆಫೀಸುಗಳಲ್ಲಿ ಇವು ಕಿವಿಗೆ ಬೀಳುತ್ತಲೇ ಇರುತ್ತವೆ. ಕೇಳಿದವರಿಗೆ ಅರ್ಥವೂ ಆಗುತ್ತದೆ. ಆದರೆ ಹೊರದೇಶದವರಿಗೆ ವಿಚಿತ್ರ ಅನ್ನಿಸುತ್ತದೆ.

ಪರಿಹಾರ ಸರಳ. ನಾಮಪದವನ್ನು ವಿಶೇಷಣ ಮಾಡಿ. ಕೋಪ ಅಲ್ಲ, ಕೋಪಗೊಂಡ. ಹಾಗಾಗಿ ‘ಆಂಗರ್’ ಬಿಟ್ಟು ‘ಆಂಗ್ರಿ’: ‘ಐ ಆಮ್ ಗೆಟಿಂಗ್ ಆಂಗ್ರಿ’. ‘ಸ್ಲೀಪ್’ ಬಿಟ್ಟು ‘ಸ್ಲೀಪಿ’: ‘ಐ ಆಮ್ ಗೆಟಿಂಗ್ ಸ್ಲೀಪಿ’. ಹಸಿವಾದರೆ ‘ಹಂಗ್ರಿ’, ಬೇಜಾರಾದರೆ ‘ಬೋರ್ಡ್’, ಸುಸ್ತಾದರೆ ‘ಟಯರ್ಡ್’. ನಿದ್ದೆಯೇ ಬರ್ತಿಲ್ಲ ಅನ್ನುವಾಗ ‘ಗೆಟ್’ ಪೂರ್ತಿ ಬಿಟ್ಟುಬಿಡಿ: ‘ಐ ಕಾಂಟ್ ಸ್ಲೀಪ್’. ಹಾಗೇ ‘ಐ ಗಾಟ್ ಎ ಡೌಟ್’ ಎನ್ನುವುದು ‘ನನಗೊಂದು ಡೌಟ್ ಬಂತು’ ಅನ್ನುವುದರ ನೇರ ರೂಪ. ಕ್ಲಾಸಿನಲ್ಲಿ, ಮೀಟಿಂಗಿನಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ಇಂಗ್ಲಿಷರ ‘ಡೌಟ್’ನಲ್ಲಿ ಎದುರಿನವರ ಮಾತನ್ನು ನಂಬದ ಛಾಯೆ ಇದೆ. ಮೇಷ್ಟ್ರಿಗೆ ಹಾಗೆ ಕೇಳಿಸಬಾರದು, ಅಲ್ವಾ?

‘ಆಗು’ ಇನ್ನೊಂದು ಕಡೆಯೂ ಬರುತ್ತದೆ. ಟ್ರೈನ್ ಕ್ಯಾನ್ಸಲ್ ಆಯ್ತು: ‘ದ ಟ್ರೈನ್ ಗಾಟ್ ಕ್ಯಾನ್ಸಲ್ಡ್’. ಅವನಿಗೆ ಪ್ರಮೋಷನ್ ಆಯ್ತು: ‘ಹಿ ಗಾಟ್ ಪ್ರಮೋಟೆಡ್’. ಅವರ ಮದುವೆ ಆಯ್ತು: ‘ದೇ ಗಾಟ್ ಮ್ಯಾರೀಡ್’. ಯಾರೋ ಮಾಡಿದ್ದು, ಏನೋ ನಡೆದದ್ದು, ಪರಿಣಾಮ ಇವರ ಮೇಲೆ. ಇಲ್ಲೆಲ್ಲ ‘ಗೆಟ್’ನ ಜೊತೆ ಕ್ರಿಯಾಪದದ ಮೂರನೇ ರೂಪ ಬರಬೇಕು. ಮದುವೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಡಾಕ್ಟರ್ ಜೊತೆ ಮದುವೆ ಆಯ್ತು ಅಂತ ನಾವು ಹೇಳುವುದರಿಂದ ‘ವಿತ್’ ಬಾಯಿಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಅದು ‘ಟು’: ‘ಶಿ ಗಾಟ್ ಮ್ಯಾರೀಡ್ ಟು ಎ ಡಾಕ್ಟರ್’.

ಹೆಜ್ಜೆ 3: ‘ತಲುಪು’ ಇದ್ದಲ್ಲಿ

ಎಷ್ಟು ಹೊತ್ತಿಗೆ ಆಫೀಸ್ ತಲುಪಿದೆ: ‘ವಾಟ್ ಟೈಮ್ ಡಿಡ್ ಯು ಗೆಟ್ ಟು ದಿ ಆಫೀಸ್?’ ಊರಿನ ಹೆಸರು, ಜಾಗದ ಹೆಸರು ಬಂದರೆ ‘ಟು’ ಬೇಕು. ‘ಹೋಮ್, ಹಿಯರ್, ದೇರ್’ ಇಂಥ ಪದಗಳಿಗೆ ‘ಟು’ ಬೇಡ. ‘ಐ ಗಾಟ್ ಹೋಮ್ ಅಟ್ ನೈನ್’, ಇಷ್ಟೇ.

ವಾಹನ ಹತ್ತಿ ಇಳಿಯುವುದಕ್ಕೂ ‘ಗೆಟ್’ ಬೇಕು. ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್, ಗೆಟ್ ಆಫ್’. ಬಗ್ಗಿ ಒಳಗೆ ಕೂರುವ ಕಾರು, ಆಟೋಗೆ ‘ಗೆಟ್ ಇನ್, ಗೆಟ್ ಔಟ್’. ಸೈಕಲ್, ಬೈಕಿಗೆ ಮತ್ತೆ ‘ಆನ್, ಆಫ್’. ನಮ್ಮ ಕಡೆ ‘ಮೆಜೆಸ್ಟಿಕ್‌ನಲ್ಲಿ ಇಳ್ಕೊಳ್ಳಿ’ ಅನ್ನುವುದು ‘ಗೆಟ್ ಡೌನ್ ಅಟ್ ಮೆಜೆಸ್ಟಿಕ್’ ಆಗಿದೆ. ಭಾರತದ ಇಂಗ್ಲಿಷ್‌ನಲ್ಲಿ ಇದು ಬೇರೂರಿದ ಮಾತು, ಕಂಡಕ್ಟರಿಗೂ ಪ್ರಯಾಣಿಕರಿಗೂ ಗೊತ್ತು. ಅದನ್ನು ತಪ್ಪು ಅಂತ ತಿದ್ದುವ ಅಗತ್ಯ ನನಗೆ ಕಾಣುವುದಿಲ್ಲ. ಲಂಡನ್ನಿಗೋ ನ್ಯೂಯಾರ್ಕಿಗೋ ಹೋದಾಗ ಮಾತ್ರ ‘ಗೆಟ್ ಆಫ್’ ಅನ್ನಿ. ಅಲ್ಲಿ ‘ಗೆಟ್ ಡೌನ್’ ಅಂದರೆ ಎತ್ತರದಿಂದ ಕೆಳಗಿಳಿ, ಇಲ್ಲವೇ ಬಗ್ಗು ಎಂದು ಕೇಳಿಸುತ್ತದೆ.

ಹೆಜ್ಜೆ 4: ‘ಮಾಡಿಸು’ ಇದ್ದಲ್ಲಿ

ಕನ್ನಡ ಗೊತ್ತಿರುವವರಿಗೆ ಅತಿ ದೊಡ್ಡ ಲಾಭ ಇರುವುದು ಇಲ್ಲಿ. ಹೊಲಿ, ಹೊಲಿಸು. ಕಟ್ಟು, ಕಟ್ಟಿಸು. ತೊಳೆ, ತೊಳೆಸು. ನಾವೇ ಮಾಡಿದೆವೋ ಬೇರೆಯವರಿಂದ ಮಾಡಿಸಿದೆವೋ ಅನ್ನುವುದನ್ನು ಕನ್ನಡ ಒಂದೇ ‘ಇಸು’ವಿನಲ್ಲಿ ಹೇಳಿಬಿಡುತ್ತದೆ. ಇಂಗ್ಲಿಷ್‌ನಲ್ಲಿ ಆ ಥರದ ಬಾಲ ಇಲ್ಲ. ಆ ಕೆಲಸವನ್ನು ‘ಗೆಟ್’ ಮಾಡುತ್ತದೆ.

ದರ್ಜಿಯ ಹತ್ತಿರ ರವಿಕೆ ಹೊಲಿಸಿದ್ದೀರಿ. ಗೆಳತಿ ಚೆನ್ನಾಗಿದೆ ಅಂದಳು. ನೀವು ‘ಐ ಸ್ಟಿಚ್ಡ್ ದಿಸ್ ಬ್ಲೌಸ್ ಇನ್ ಜಯನಗರ್’ ಅಂದರೆ ಮಿಷನ್ ಮುಂದೆ ಕೂತು ನೀವೇ ಹೊಲಿದಿರಿ ಎಂದಾಯಿತು. ಕನ್ನಡದಲ್ಲಿ ಯಾರೂ ‘ಹೊಲಿಸಿದೆ’ ಅನ್ನುವ ಕಡೆ ‘ಹೊಲಿದೆ’ ಅನ್ನುವುದಿಲ್ಲ. ಇಂಗ್ಲಿಷ್‌ಗೆ ಬರುವಾಗ ಮಾತ್ರ ಆ ‘ಇಸು’ ಉದುರಿಹೋಗುತ್ತದೆ. ಸರಿಯಾದ ವಾಕ್ಯ: ‘ಐ ಗಾಟ್ ದಿಸ್ ಬ್ಲೌಸ್ ಸ್ಟಿಚ್ಡ್ ಇನ್ ಜಯನಗರ್’.

ಪದಗಳ ಸಾಲು ನೋಡಿಕೊಳ್ಳಿ. ಗಾಟ್, ಆಮೇಲೆ ವಸ್ತು, ಆಮೇಲೆ ಕೆಲಸ. ವಸ್ತು ನಡುವೆಯೇ ಇರಬೇಕು. ‘ಐ ಗಾಟ್ ಸ್ಟಿಚ್ಡ್ ದಿ ಬ್ಲೌಸ್’ ಅಂದರೆ ಸರಿಯಾಗುವುದಿಲ್ಲ. ಕೂದಲು ಕತ್ತರಿಸಿಕೊಂಡೆ, ಅಂದರೆ ಕಟಿಂಗ್ ಮಾಡಿಸಿದೆ: ‘ಐ ಗಾಟ್ ಮೈ ಹೇರ್ ಕಟ್’. ಹಲ್ಲು ಕೀಳಿಸಿದೆ: ‘ಐ ಗಾಟ್ ಎ ಟೂತ್ ಟೇಕನ್ ಔಟ್’. ‘ಐ ರಿಮೂವ್ಡ್ ಮೈ ಟೂತ್’ ಅಂದರೆ ಕೇಳಿದವರು ಬೆಚ್ಚಿಬೀಳುತ್ತಾರೆ. ಗಾಡಿ ಸರ್ವಿಸ್ ಮಾಡಿಸಬೇಕು: ‘ಐ ನೀಡ್ ಟು ಗೆಟ್ ಮೈ ಬೈಕ್ ಸರ್ವಿಸ್ಡ್’.

ಯಾರ ಕೈಲಿ ಮಾಡಿಸಿದಿರಿ ಅಂತಲೂ ಹೇಳಬೇಕಾದರೆ ಸಾಲು ಬದಲಾಗುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ವೈರಿಂಗ್ ಚೆಕ್ ಮಾಡಿಸಿದೆ: ‘ಐ ಗಾಟ್ ದಿ ಎಲೆಕ್ಟ್ರಿಷಿಯನ್ ಟು ಚೆಕ್ ದ ವೈರಿಂಗ್’. ಗಾಟ್, ಆ ಮನುಷ್ಯ, ‘ಟು’, ಕೆಲಸ. ಈ ‘ಟು’ ಮರೆಯಬೇಡಿ. ‘ಗೆಟ್’ ಬದಲು ‘ಹ್ಯಾವ್’ ಬಳಸಿದರೆ ಮಾತ್ರ ‘ಟು’ ಹೋಗುತ್ತದೆ: ‘ಐ ಹ್ಯಾಡ್ ದಿ ಎಲೆಕ್ಟ್ರಿಷಿಯನ್ ಚೆಕ್ ದ ವೈರಿಂಗ್’. ಎರಡೂ ಸರಿ, ಆದರೆ ಎರಡೂ ಒಂದೇ ಅಲ್ಲ. ‘ಹ್ಯಾವ್’ನಲ್ಲಿ ಹೇಳಿದೆ, ಮಾಡಿದ ಅನ್ನುವ ಭಾವ. ‘ಗೆಟ್’ನಲ್ಲಿ ಹಿಂದೆ ಬಿದ್ದು, ಒಪ್ಪಿಸಿ ಮಾಡಿಸಿದ ಭಾವ ಸೇರಿರಬಹುದು. ಅಪ್ಪನನ್ನು ಒಪ್ಪಿಸಿದೆ ಅನ್ನುವುದಕ್ಕೆ ‘ಐ ಗಾಟ್ ಮೈ ಫಾದರ್ ಟು ಅಗ್ರೀ’ ಅನ್ನುವಷ್ಟು ಚೆನ್ನಾಗಿ ಒಪ್ಪುವ ವಾಕ್ಯ ಇನ್ನೊಂದಿಲ್ಲ. ಮಗುವಿಗೆ ಊಟ ಮಾಡಿಸಿದೆ ಅನ್ನುವಾಗಲೂ ಇದೇ ವ್ಯತ್ಯಾಸ. ಸುಮ್ನೆ ತಿನ್ನಿಸಿದರೆ ‘ಐ ಫೆಡ್ ದ ಚೈಲ್ಡ್’. ಹಟ ಮಾಡುವ ಮಗುವಿಗೆ ಕಾಗಕ್ಕ ಗುಬ್ಬಕ್ಕನ ಕತೆ ಹೇಳಿ, ಚಂದಮಾಮನನ್ನು ತೋರಿಸಿ, ಅಂತೂ ನಾಲ್ಕು ತುತ್ತು ತಿನ್ನುವ ಹಾಗೆ ಮಾಡಿದರೆ ‘ಐ ಗಾಟ್ ದ ಚೈಲ್ಡ್ ಟು ಈಟ್’.

ಇಲ್ಲೊಂದು ಬೇಲಿ ಹಾಕಬೇಕು. ‘ಇಸು’ ಇದ್ದದ್ದೆಲ್ಲ ‘ಗೆಟ್’ ಅಲ್ಲ. ಯೋಚಿಸು, ಪ್ರೀತಿಸು, ಆರಂಭಿಸು ಇವುಗಳಲ್ಲಿ ಬೇರೆಯವರಿಂದ ಮಾಡಿಸುವ ಅರ್ಥವೇ ಇಲ್ಲ. ‘ಕಷ್ಟಪಟ್ಟು ಮಕ್ಕಳನ್ನು ಓದಿಸಿದರು’ ಅನ್ನುವಾಗಿನ ‘ಓದಿಸು’ ಕೂಡ ಬೇರೆ. ಅದು ‘ಎಜುಕೇಟ್’. ಬೇರೊಬ್ಬರು ಆ ಕೆಲಸವನ್ನು ನಿಜವಾಗಿ ಮಾಡಿದರಾ ಅಂತ ಒಮ್ಮೆ ಕೇಳಿಕೊಂಡರೆ ಸಾಕು.

ಹೆಜ್ಜೆ 5: ಅರ್ಥವಾಗುವುದು

ಜೋಕ್ ಹೊಳೆಯಲಿಲ್ಲ: ‘ಐ ಡಿಡಂಟ್ ಗೆಟ್ ದ ಜೋಕ್’. ಗೊತ್ತಾಯ್ತು, ಸರಿ: ‘ಗಾಟ್ ಇಟ್’. ಅಮೆರಿಕದವರ ಬಾಯಲ್ಲಿ ಇದು ‘ಗಾಡಿಟ್’ ಅಂತ ಕೇಳಿಸುತ್ತದೆ. ಗಾಬರಿ ಬೇಡ, ಅದೇ ಪದ. ಫೋನಿನಲ್ಲಿ ಮಾತು ಕೇಳದಿದ್ದಾಗ ನಾವು ‘ಐ ಡಿಡಂಟ್ ಗೆಟ್ ಯು’ ಅನ್ನುತ್ತೇವೆ. ಅದಕ್ಕಿಂತ ‘ಸಾರಿ, ಐ ಡಿಡಂಟ್ ಕ್ಯಾಚ್ ದಟ್’ ಅನ್ನುವುದು ಹೊರಗಿನವರಿಗೆ ಸಹಜ.

ಹೆಜ್ಜೆ 6: ಒಂದು ಸಣ್ಣ ಪದ, ಎರಡು ದಿಕ್ಕು

ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

‘ಐ ಗಾಟ್ ಟು ಮೀಟ್ ಹರ್.’ ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ಖುಷಿಯ ಮಾತು, ಆಗಿಹೋದದ್ದು.

‘ಐ ಹ್ಯಾವ್ ಗಾಟ್ ಟು ಮೀಟ್ ಹರ್.’ ಅವರನ್ನು ಭೇಟಿಯಾಗಲೇಬೇಕು. ಇನ್ನೂ ಆಗಿಲ್ಲ, ಒತ್ತಾಯದ ಮಾತು.

ನಡುವೆ ಇರುವುದು ಒಂದು ‘ಹ್ಯಾವ್’ ಮಾತ್ರ. ಬೇಗ ಮಾತಾಡುವಾಗ ಅದು ‘ಐವ್’ ಆಗಿ ನುಂಗಿಹೋಗುತ್ತದೆ, ಕೆಲವರು ಪೂರ್ತಿ ಬಿಟ್ಟು ‘ಐ ಗಾಟಾ’ ಅನ್ನುತ್ತಾರೆ. ಆಗ ಸಂದರ್ಭ ನೋಡಿಯೇ ತಿಳಿಯಬೇಕು. ನೀವು ಹೇಳುವಾಗ ಗೊಂದಲ ಬೇಡ ಅನ್ನಿಸಿದರೆ ‘ಐ ಹ್ಯಾವ್ ಟು’ ಅನ್ನಿ, ಮುಗಿಯಿತು.

‘ಹ್ಯಾವ್ ಗಾಟ್’ ಅಂದರೆ ಸುಮ್ಮನೆ ‘ಇದೆ’ ಅಂತಲೂ ಆಗುತ್ತದೆ. ನನಗೆ ಇಬ್ಬರು ತಂಗಿಯರಿದ್ದಾರೆ: ‘ಐ ಹ್ಯಾವ್ ಗಾಟ್ ಟೂ ಸಿಸ್ಟರ್ಸ್’. ಇದು ಬ್ರಿಟಿಷರಿಗೆ ಪ್ರಿಯವಾದ ರೂಪ. ‘ಐ ಹ್ಯಾವ್ ಟೂ ಸಿಸ್ಟರ್ಸ್’ ಎಲ್ಲ ಕಡೆ ನಡೆಯುತ್ತದೆ. ‘ಐ ಆಮ್ ಹ್ಯಾವಿಂಗ್’ ಮಾತ್ರ ಬೇಡ.

ಇನ್ನು ‘ಗಾಟನ್’. ಅಮೆರಿಕದ ಸಿನಿಮಾಗಳಲ್ಲಿ ‘ಶಿ ಹ್ಯಾಸ್ ಗಾಟನ್ ಬೆಟರ್’ ಅಂತ ಕೇಳಿ ಇದು ಹೊಸ ಫ್ಯಾಷನ್ ಅಂದುಕೊಳ್ಳುವವರಿದ್ದಾರೆ. ನಿಜಕ್ಕೂ ಇದು ಇಂಗ್ಲೆಂಡಿನ ಹಳೆಯ ರೂಪ. ಅಲ್ಲಿ ಬಳಕೆ ತಪ್ಪಿತು, ಅಮೆರಿಕಕ್ಕೆ ಹೋದವರು ಉಳಿಸಿಕೊಂಡರು. ಬ್ರಿಟಿಷರ ಬಾಯಲ್ಲಿ ಅದರ ಗುರುತು ‘ಫರ್ಗಾಟನ್’ನಲ್ಲಿ ಇನ್ನೂ ಇದೆ. ಅಮೆರಿಕದವರು ಈ ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ: ‘ಹ್ಯಾವ್ ಗಾಟ್’ ಅಂದರೆ ಹತ್ತಿರ ಇದೆ, ‘ಹ್ಯಾವ್ ಗಾಟನ್’ ಅಂದರೆ ಸಿಕ್ಕಿದೆ ಅಥವಾ ಆಗಿದೆ. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ರೀತಿ, ಹಾಗಾಗಿ ಪರೀಕ್ಷೆಯಲ್ಲಿ ‘ಗಾಟ್’ ಬರೆಯಿರಿ.

ಹೆಜ್ಜೆ 7: ಬಾಲ ಅಂಟಿದ ‘ಗೆಟ್’ಗಳು

ಇವನ್ನು ಮಾತ್ರ ಒಂದೊಂದಾಗಿ ಕಲಿಯಬೇಕು. ಕನ್ನಡದ ನುಡಿಗಟ್ಟಿನ ಜೊತೆ ಜೋಡಿಸಿಕೊಂಡರೆ ಬೇಗ ನಿಲ್ಲುತ್ತವೆ. ‘ಗೆಟ್ ಅಲಾಂಗ್’: ಹೊಂದಿಕೊಂಡು ಹೋಗು. ‘ಗೆಟ್ ಬೈ’: ಹೇಗೋ ದಿನ ದೂಡು. ‘ಗೆಟ್ ರಿಡ್ ಆಫ್’: ಪೀಡೆ ತೊಲಗಿಸು. ‘ಗೆಟ್ ಅವೇ ವಿತ್’: ತಪ್ಪು ಮಾಡಿಯೂ ಬಚಾವಾಗು. ‘ಗೆಟ್ ಓವರ್’: ದುಃಖದಿಂದ, ಕಾಯಿಲೆಯಿಂದ ಚೇತರಿಸಿಕೊ. ಕೊನೆಯದನ್ನು ಜೋಪಾನವಾಗಿ ಬಳಸಿ. ನೋವಿನಲ್ಲಿರುವವರಿಗೆ ‘ಗೆಟ್ ಓವರ್ ಇಟ್’ ಅಂದರೆ ‘ಸಾಕು ಬಿಡು, ಅದೇನು ದೊಡ್ಡ ವಿಷಯ’ ಎಂದು ಗದರಿದ ಹಾಗಾಗುತ್ತದೆ.

ಹೆಜ್ಜೆ 8: ‘ಗೆಟ್’ ಬೇಡವಾದ ಜಾಗ

ಮಾತಿನಲ್ಲಿ, ವಾಟ್ಸಾಪಿನಲ್ಲಿ, ಗೆಳೆಯರ ಈಮೇಲಿನಲ್ಲಿ ‘ಗೆಟ್’ ಎಷ್ಟು ಬಂದರೂ ತೊಂದರೆ ಇಲ್ಲ. ಅರ್ಜಿ, ವರದಿ, ಪ್ರಬಂಧ ಬರೆಯುವಾಗ ಕಡಿಮೆ ಮಾಡಿ. ಸಿಕ್ಕಿತು ಅನ್ನುವುದಕ್ಕೆ ‘ರಿಸೀವ್’, ಪ್ರಯತ್ನಪಟ್ಟು ಪಡೆದದ್ದಕ್ಕೆ ‘ಆಬ್ಟೈನ್’, ಆಗು ಅನ್ನುವುದಕ್ಕೆ ‘ಬಿಕಮ್’. ಚರಿತ್ರೆಯ ಸಂಗತಿ ಬರೆಯುವಾಗ ‘ಗಾಟ್’ ಬದಲು ‘ವಾಸ್’ ಹಾಕಿ. ಮೈಸೂರಿನ ಈಗಿನ ಅರಮನೆ 1912ರಲ್ಲಿ ಪೂರ್ತಿಯಾಯಿತು ಎನ್ನಲು ‘ದ ಪ್ಯಾಲೇಸ್ ವಾಸ್ ಕಂಪ್ಲೀಟೆಡ್ ಇನ್ 1912’ ಎಂದೇ ಬರೆಯಿರಿ.

ಅಭ್ಯಾಸಕ್ಕೆ

ಈ ಆರು ವಾಕ್ಯಗಳನ್ನು ಕೆಳಗಿನ ಉತ್ತರ ಮುಚ್ಚಿಟ್ಟು ನೀವೇ ಹೇಳಿ ನೋಡಿ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅಮ್ಮನಿಗೆ ಸುಸ್ತಾಗ್ತಿದೆ. ಕನ್ನಡಕ ರಿಪೇರಿ ಮಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ ತಲುಪಿದೆವು. ತಮ್ಮನ ಕೈಲಿ ಫಾರ್ಮ್ ತುಂಬಿಸಿದೆ. ಮಳೆಗೆ ಪುಸ್ತಕವೆಲ್ಲ ಒದ್ದೆಯಾಯ್ತು.

ಉತ್ತರ: ‘ಐ ಡಿಡಂಟ್ ಗೆಟ್ ಎ ಸೀಟ್ ಆನ್ ದ ಬಸ್.’ ‘ಮದರ್ ಈಸ್ ಗೆಟಿಂಗ್ ಟಯರ್ಡ್.’ ‘ಐ ಗಾಟ್ ಮೈ ಗ್ಲಾಸಸ್ ರಿಪೇರ್ಡ್.’ ‘ವಿ ಗಾಟ್ ಟು ಹುಬ್ಬಳ್ಳಿ ಬೈ ನೂನ್.’ ‘ಐ ಗಾಟ್ ಮೈ ಬ್ರದರ್ ಟು ಫಿಲ್ ಇನ್ ದ ಫಾರ್ಮ್.’ ‘ದ ಬುಕ್ಸ್ ಗಾಟ್ ವೆಟ್ ಇನ್ ದ ರೇನ್.’

ಐದನೆಯದರಲ್ಲಿ ‘ಟು’ ಬಿಟ್ಟಿದ್ದರೆ ನಾಲ್ಕನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ. ಆಮೇಲೆ ಇವತ್ತು ನೀವು ಯಾರ ಕೈಲಿ ಏನೇನು ಮಾಡಿಸಿದಿರೋ ಅದನ್ನೆಲ್ಲ ಇದೇ ಸಾಲಿನಲ್ಲಿ ಹೇಳಿ ನೋಡಿ.